ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮುಂಚೆ: ಕಾಗದ ನೋಡಿ, ಮಧ್ಯಾಹ್ನದ ಬಿಸಿಲಲ್ಲಿ ಓಡಿಸಿ

ಗಂಡ, ಹೆಂಡತಿ, ಇಬ್ಬರು ಮಕ್ಕಳು. ಜೊತೆಗೆ ಆಗಾಗ ಊರಿಂದ ಬರುವ ಅವ್ವ. ಅಮಾವಾಸ್ಯೆಗೆ ಗಾಣಗಾಪುರಕ್ಕೆ ಹೋಗಬೇಕು, ಆಳಂದದ ಕಡೆ ಮದುವೆ ಇರುತ್ತದೆ, ನಡುರಾತ್ರಿ ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಓಡಬೇಕು. ಇಷ್ಟು ಜನಕ್ಕೆ ಬೈಕ್ ಸಾಲುವುದಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಂತೂ ಮಕ್ಕಳನ್ನು ಬೈಕ್ ಮೇಲೆ ಕೂರಿಸಿಕೊಂಡು ದೂರ ಹೋಗಲೇಬಾರದು. ಎರಡು-ಮೂರು ಲಕ್ಷದೊಳಗೆ ಒಂದು ಒಳ್ಳೆಯ ಹಳೆ ಕಾರು ಸಿಗುತ್ತದಾ ಎಂದು ಕಲಬುರಗಿಯಲ್ಲಿ ಬಹಳ ಮನೆಗಳು ವಿಚಾರಿಸುತ್ತವೆ.

ಸಿಗುತ್ತದೆ. ಆದರೆ ನಮ್ಮ ಭಾಗದಲ್ಲಿ ಎರಡು ವಿಷಯಕ್ಕೆ ಜಾಸ್ತಿ ಗಮನ ಕೊಡಬೇಕು: ಬಿಸಿಲು ಮತ್ತು ಗಡಿ. ನಲವತ್ತು ಡಿಗ್ರಿ ದಾಟುವ ಬಿಸಿಲು ಇಂಜಿನ್ನಿನ ಸಣ್ಣ ದೋಷವನ್ನೂ ದೊಡ್ಡದು ಮಾಡುತ್ತದೆ. ಇನ್ನು ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ ಇರುವುದರಿಂದ ಮೂರು ರಾಜ್ಯಗಳ ನಂಬರಿನ ಗಾಡಿಗಳು ಇಲ್ಲಿ ಮಾರಾಟಕ್ಕೆ ಬರುತ್ತವೆ. ಹೊಳೆಯುವ ಬಣ್ಣ ನೋಡಿ ಮನಸ್ಸು ಕೊಡುವ ಮೊದಲು ಗಾಡಿಯ ಹಿಂದಿನ ಬದುಕು ತಿಳಿದುಕೊಳ್ಳಿ. ನೀವು ದುಡ್ಡು ಕೊಡುವುದು ಅದಕ್ಕೇ.

ಮೊದಲು ದುಡ್ಡನ್ನು ಎರಡು ಭಾಗ ಮಾಡಿ

ಕೈಯಲ್ಲಿ ಮೂರು ಲಕ್ಷ ಇದ್ದರೆ ಮೂರು ಲಕ್ಷದ ಕಾರು ಹುಡುಕಬೇಡಿ. ಎರಡೂವರೆ ಲಕ್ಷದ್ದು ಹುಡುಕಿ. ಉಳಿದದ್ದು ಮೊದಲ ಎರಡು ತಿಂಗಳಲ್ಲೇ ಬೇಕಾಗುತ್ತದೆ. ಹೆಸರು ಬದಲಾವಣೆ, ಇನ್ಶೂರೆನ್ಸ್, ಆಯಿಲ್, ಬ್ಯಾಟರಿ, ಕೆಲವೊಮ್ಮೆ ನಾಲ್ಕೂ ಟೈರು. ಈ ದುಡ್ಡು ಇಟ್ಟುಕೊಳ್ಳದವರು ಸವೆದ ಟೈರಿನಲ್ಲೇ ಮಕ್ಕಳನ್ನು ಕೂರಿಸಿಕೊಂಡು ಹೈದರಾಬಾದಿಗೆ ಹೊರಡುತ್ತಾರೆ. ಹಾಗೆ ಮಾಡಬೇಡಿ.

ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿ 18 ಪರ್ಸೆಂಟಿಗೆ ಇಳಿದಿದೆ. ಅದಕ್ಕೂ ಮೊದಲು 28 ಪರ್ಸೆಂಟ್ ಇತ್ತು, ಮೇಲೆ ಸೆಸ್ ಬೇರೆ. ಹೊಸ ಕಾರಿನ ಬೆಲೆ ಇಳಿದ ಮೇಲೆ ಹಳೆಯದರ ಬೆಲೆಯೂ ಇಳಿಯಬೇಕು ಅಲ್ವಾ? ಮಾರುವವರು ತಾವು ಕೊಂಡ ಕಾಲದ ಬೆಲೆಯನ್ನೇ ಹಿಡಿದು ಲೆಕ್ಕ ಹೇಳುತ್ತಾರೆ. ಹಾಗಾಗಿ ಅದೇ ಮಾಡೆಲಿನ ಹೊಸ ಕಾರಿಗೆ ಇವತ್ತಿನ ಆನ್-ರೋಡ್ ಬೆಲೆ ಎಷ್ಟು ಎಂದು ಶೋರೂಮಿನಲ್ಲಿ ಕೇಳಿ, ಬರೆದುಕೊಂಡು ಹೋಗಿ. ಎರಡು-ಮೂರು ವರ್ಷದ ಹಳೆ ಕಾರಿಗೂ ಹೊಸದಕ್ಕೂ ವ್ಯತ್ಯಾಸ ತೀರಾ ಕಡಿಮೆ ಇದ್ದರೆ ಹೊಸದೇ ಲೇಸು. ಸೆಕೆಂಡ್ ಹ್ಯಾಂಡ್ ಕಾರಿನ ಸಾಲಕ್ಕೆ ಬಡ್ಡಿಯೂ ಸಾಮಾನ್ಯವಾಗಿ ಜಾಸ್ತಿ.

ಯಾವ ಗಾಡಿ?

ನಮ್ಮೂರಿನ ಯಾವುದೇ ಗ್ಯಾರೇಜಿನ ಮಿಸ್ತ್ರಿ ಕಣ್ಣು ಮುಚ್ಚಿ ಬಿಚ್ಚಿ ಕೂರಿಸಬಲ್ಲ ಗಾಡಿ ಆರಿಸಿ. ಆಲ್ಟೊ, ವ್ಯಾಗನ್‌ಆರ್, ಸೆಲೆರಿಯೊ, ಸ್ವಿಫ್ಟ್, ಐ10, ಗ್ರ್ಯಾಂಡ್ ಐ10, ಸ್ಯಾಂಟ್ರೊ, ಟಿಯಾಗೊ. ಇವುಗಳ ಸಾಮಾನು ತಾಲೂಕು ಮಟ್ಟದಲ್ಲೂ ಸಿಗುತ್ತದೆ. ವಯಸ್ಸಾದವರು ಮನೆಯಲ್ಲಿದ್ದರೆ ವ್ಯಾಗನ್‌ಆರ್ ಅನುಕೂಲ. ಸೀಟು ಎತ್ತರ ಇರುವುದರಿಂದ ಮಂಡಿ ನೋವಿದ್ದವರೂ ಸಲೀಸಾಗಿ ಹತ್ತಿ ಇಳಿಯುತ್ತಾರೆ. ಆದರೆ ಕಾರುಗಳ ಸುರಕ್ಷತೆಗೆ 5ರವರೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ 2019ರಲ್ಲಿ ವ್ಯಾಗನ್‌ಆರ್ ಪಡೆದದ್ದು 2 ಸ್ಟಾರ್, 2020ರಲ್ಲಿ ಟಿಯಾಗೊ ಪಡೆದದ್ದು 4 ಸ್ಟಾರ್. ಹೆದ್ದಾರಿಯಲ್ಲಿ ಜಾಸ್ತಿ ಓಡಾಡುವ ಕುಟುಂಬ ಇದನ್ನು ಮರೆಯಬಾರದು.

ಷೆವರ್ಲೆ 2017ರ ಕೊನೆಗೆ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು, ದಾಟ್ಸನ್ 2022ರಲ್ಲಿ ಬಾಗಿಲು ಹಾಕಿತು. ಇವುಗಳಲ್ಲಿ ಒಳ್ಳೆಯ ಗಾಡಿಗಳಿವೆ, ಅಗ್ಗಕ್ಕೂ ಸಿಗುತ್ತವೆ. ಆದರೆ ಒಂದು ಸಣ್ಣ ಸಾಮಾನಿಗೆ ಹೈದರಾಬಾದಿನಿಂದ ತರಿಸಿಕೊಳ್ಳಲು ಕಾಯಬೇಕಾದರೆ ಆ ಅಗ್ಗ ಉಳಿಯುವುದಿಲ್ಲ. ಮೊದಲ ಕಾರು ಕೊಳ್ಳುವವರಿಗೆ ನಾನು ಇವನ್ನು ಹೇಳುವುದಿಲ್ಲ.

ಡೀಸೆಲ್ ಆಸೆ ಬಿಡಿ. ದಿನಾ ಶಾಲೆ, ಮಾರ್ಕೆಟ್, ಆಫೀಸು ಅಷ್ಟೇ ಓಡಾಟ ಇದ್ದವರಿಗೆ ಪೆಟ್ರೋಲ್ ಸಾಕು. 2020ರ ಏಪ್ರಿಲ್ ನಂತರ ಬಂದ ಬಿಎಸ್-6 (ಹೊಗೆ ನಿಯಂತ್ರಣದ ಹೊಸ ಮಾನದಂಡ) ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಊರೊಳಗೇ ಸುತ್ತಿದರೆ ಅದು ಕಟ್ಟಿಕೊಳ್ಳುತ್ತದೆ, ರಿಪೇರಿ ದುಬಾರಿ. ಸಿಎನ್‌ಜಿ ಗಾಡಿಯಾದರೆ ಕಿಟ್ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ದಾಖಲಾಗಿರಬೇಕು. ಸಿಲಿಂಡರ್ ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಆಗಿರಬೇಕು.

ವರ್ಷದ ವಿಷಯಕ್ಕೆ ಬಂದರೆ, ಆದಷ್ಟು 2019ರ ಜುಲೈ ನಂತರ ತಯಾರಾದ ಕಾರು ನೋಡಿ. ಅಲ್ಲಿಂದ ಚಾಲಕನ ಏರ್‌ಬ್ಯಾಗ್, ಸೀಟ್‌ಬೆಲ್ಟ್ ನೆನಪಿಸುವ ಸದ್ದು, ಹಿಂದಿನ ಪಾರ್ಕಿಂಗ್ ಸೆನ್ಸರ್ ಎಲ್ಲ ಕಾರಿಗೂ ಕಡ್ಡಾಯವಾಯಿತು. ಅದೇ ವರ್ಷ ಏಪ್ರಿಲ್‌ನಿಂದ ಎಬಿಎಸ್ ಬ್ರೇಕ್ (ಜೋರಾಗಿ ಒತ್ತಿದರೂ ಚಕ್ರ ಲಾಕ್ ಆಗದ ಬ್ರೇಕ್) ಕಡ್ಡಾಯವಾಗಿತ್ತು. ಪಕ್ಕದ ಸೀಟಿನ ಏರ್‌ಬ್ಯಾಗ್ 2022ರಿಂದ ಎಲ್ಲ ಹೊಸ ಕಾರುಗಳಲ್ಲೂ ಇದೆ. ದುಡ್ಡು ಅಷ್ಟಕ್ಕೆ ಆಗದಿದ್ದರೆ ಹಳೆ ಮಾಡೆಲಿನಲ್ಲೇ ಏರ್‌ಬ್ಯಾಗ್ ಇದ್ದ ಟಾಪ್ ಮಾಡೆಲ್ ಹುಡುಕಿ. ಅಲಾಯ್ ವೀಲ್, ದೊಡ್ಡ ಸ್ಕ್ರೀನಿಗೆ ಕೊಡುವ ದುಡ್ಡನ್ನು ಇದಕ್ಕೆ ಕೊಡಿ.

ಗಾಡಿಗಿಂತ ಮೊದಲು ಕಾಗದ

ಗಾಡಿ ನೋಡಲು ಹೋಗುವ ಮೊದಲೇ ಫೋನಿನಲ್ಲಿ ನಂಬರ್ ಕೇಳಿ. ಪರಿವಾಹನ್ ವೆಬ್‌ಸೈಟಿನಲ್ಲೋ ಎಂಪರಿವಾಹನ್ ಆ್ಯಪಿನಲ್ಲೋ ಹಾಕಿ ನೋಡಿ. ನೋಂದಣಿ ಆದ ದಿನ, ಎಷ್ಟನೇ ಮಾಲೀಕ, ಇನ್ಶೂರೆನ್ಸ್ ಎಲ್ಲಿಯವರೆಗೆ, ಸಾಲ ಇದೆಯಾ ಎಲ್ಲ ಗೊತ್ತಾಗುತ್ತದೆ. ಮಾರುವವರ ಹೆಸರಿಗೂ ಆರ್‌ಸಿಯ ಹೆಸರಿಗೂ ತಾಳೆ ಆಗದಿದ್ದರೆ ಕಾರಣ ಕೇಳಿ. ನಾಲ್ಕು ಕೈ ಬದಲಾದರೂ ಆರ್‌ಸಿಯಲ್ಲಿ ಮೊದಲ ಮಾಲೀಕನ ಹೆಸರೇ ಇರುವ ಗಾಡಿಗಳು ಬಹಳ. ಮಧ್ಯದವರು ಬರೀ ಸಹಿ ಮಾಡಿದ ಫಾರ್ಮ್ ಕೈಯಲ್ಲಿ ಹಿಡಿದು ಓಡಾಡುತ್ತಾರೆ. ಆ ಮೊದಲ ಮಾಲೀಕರು ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ ಎಂಬುದೇ ತಿಳಿಯದು. ಅಂಥ ಗಾಡಿ ಎಷ್ಟೇ ಅಗ್ಗವಾದರೂ ಬೇಡ.

ನಂಬರ್ ಪ್ಲೇಟ್ ನೋಡಿ. ಕೆಎ-32 ಕಲಬುರಗಿ, ಕೆಎ-33 ಯಾದಗಿರಿ, ಕೆಎ-38 ಬೀದರ್. ಕೆಎ ನಂಬರ್ ಇದ್ದರೆ ಬೆಂಗಳೂರಿನದ್ದಾದರೂ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಿಯಾಗಿರುತ್ತದೆ. ಎಂಎಚ್, ಎಪಿ, ಟಿಎಸ್, 2024ರಿಂದ ಬಂದ ಟಿಜಿ ನಂಬರ್ ಆದರೆ ಲೆಕ್ಕವೇ ಬೇರೆ. ಹೈದರಾಬಾದ್, ಸೊಲ್ಲಾಪುರದ ಗಾಡಿ ಇಲ್ಲಿಗಿಂತ ಕಡಿಮೆಗೆ ಸಿಗುತ್ತದೆ ಎಂದು ದಲ್ಲಾಳಿಗಳು ಹೇಳುತ್ತಾರೆ. ನೀವು ಇಲ್ಲೇ ಇಟ್ಟುಕೊಂಡು ಓಡಿಸುವವರಾದರೆ ಅದನ್ನು ಕೆಎ ನಂಬರಿಗೆ ತರಬೇಕು. ಅದಕ್ಕೆ ಮೂಲ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಬೇಕು, ಅದು ಫಾರ್ಮ್ 28. ಗಾಡಿಯ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕು. ಈ ತೆರಿಗೆ ಸಾವಿರ, ಎರಡು ಸಾವಿರದ ಮಾತಲ್ಲ. ಕಲಬುರಗಿ ಆರ್‌ಟಿಒ ಕಚೇರಿಗೆ ಹೋಗಿ, ಗಾಡಿಯ ಮಾಡೆಲ್ ಮತ್ತು ವರ್ಷ ಹೇಳಿ, ಎಷ್ಟಾಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಅದನ್ನು ಬೆಲೆಗೆ ಕೂಡಿಸಿದರೆ ಬಹಳ ಸಲ ಪಕ್ಕದ ರಾಜ್ಯದ ಅಗ್ಗ ಅಲ್ಲಿಗೇ ಮುಗಿಯುತ್ತದೆ. ಕಟ್ಟದ ದಂಡಗಳನ್ನೂ ಆಯಾ ರಾಜ್ಯದ ಇ-ಚಲನ್‌ನಲ್ಲಿ ನೋಡಿ, ಮಾರುವವರಿಂದಲೇ ಕಟ್ಟಿಸಿ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದೆ ಎಂಬ ಮಾತು ಸಾಲದು. ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರ್ಮ್ 35 ಕೈಗೆ ಬರಬೇಕು. ಹದಿನೈದು ವರ್ಷ ಆಗುತ್ತ ಬಂದ ಗಾಡಿಯಾದರೆ ನೋಂದಣಿ ನವೀಕರಣದ ಶುಲ್ಕ, ಫಿಟ್‌ನೆಸ್, ಹಸಿರು ತೆರಿಗೆ ಎಲ್ಲ ನಿಮ್ಮ ತಲೆಯ ಮೇಲೆ ಬರುತ್ತವೆ. ನವೀಕರಣ ಆದರೂ ಐದು ವರ್ಷಕ್ಕಷ್ಟೇ.

ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ

ಗಾಡಿಯನ್ನು ಎರಡು ಹೊತ್ತಿನಲ್ಲಿ ನೋಡಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಜೊತೆಗೆ ನಿಮ್ಮ ನಂಬಿಕೆಯ ಮಿಸ್ತ್ರಿ ಇರಲಿ. ಮಾರುವವರು ಕಳಿಸಿದ ಮಿಸ್ತ್ರಿ ಬೇಡ. ಅರ್ಧ ದಿನದ ಕೂಲಿ ಕೊಟ್ಟರೂ ನಷ್ಟವಿಲ್ಲ.

ಬೆಳಗ್ಗೆ ಹೋದಾಗ ಇಂಜಿನ್ ತಣ್ಣಗಿರಬೇಕು. ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದರ್ಥ, ಇನ್ನೊಂದು ದಿನ ಬರುತ್ತೇವೆ ಎನ್ನಿ. ತಣ್ಣಗಿದ್ದಾಗಲೇ ಆಯಿಲ್ ಮುಚ್ಚಳ ಬಿಚ್ಚಿ ಒಳಭಾಗ ನೋಡಿ. ಹಾಲಿನಂತೆ ಬೆಳ್ಳಗೆ ಅಂಟಿದ್ದರೆ ಇಂಜಿನ್ ತಣ್ಣಗಿಡುವ ಕೂಲಂಟ್ ದ್ರವ ಆಯಿಲ್‌ಗೆ ಸೇರುತ್ತಿರಬಹುದು. ಕೂಲಂಟ್ ಡಬ್ಬಿ ನೋಡಿ. ಹಸಿರೋ ಕೆಂಪೋ ನೀಲಿಯೋ ಒಂದು ಸ್ವಚ್ಛ ಬಣ್ಣ ಇರಬೇಕು. ತುಕ್ಕಿನ ಬಣ್ಣದ ನೀರಿದ್ದರೆ ಎಚ್ಚರ. ಕೂಲಂಟ್ ಬದಲು ಬೋರ್‌ವೆಲ್ ನೀರು ಸುರಿದು ವರ್ಷಗಟ್ಟಲೆ ಓಡಿಸಿದ ಗಾಡಿಗಳು ನಮ್ಮ ಕಡೆ ಸಾಕಷ್ಟಿವೆ. ಗಡಸು ನೀರಿನ ಉಪ್ಪು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಚಳಿಗಾಲದಲ್ಲಿ ಅದು ಗೊತ್ತೇ ಆಗುವುದಿಲ್ಲ. ಬೇಸಿಗೆಯಲ್ಲಿ ಇಂಜಿನ್ ಕುದಿಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಆಮೇಲೆ ಸ್ಟಾರ್ಟ್ ಮಾಡಿಸಿ, ನೀವು ಸೈಲೆನ್ಸರ್ ಹಿಂದೆ ನಿಲ್ಲಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ ಬಂದರೆ ಕೂಲಂಟ್ ಒಳಗೆ ಹೋಗುತ್ತಿದೆ. ಕಪ್ಪು ಹೊಗೆ ಇಂಧನ ಪೂರ್ತಿ ಸುಡದ ಲಕ್ಷಣ, ಇದು ಮೊದಲೆರಡರಷ್ಟು ಭಯದ್ದಲ್ಲ.

ಅದೇ ಗಾಡಿಯನ್ನು ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ನೋಡಿ. ಎಸಿ ಹಾಕಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಹೊರಡಿ. ಸೂಪರ್ ಮಾರ್ಕೆಟ್ ಕಡೆಯ ಗದ್ದಲದಲ್ಲಿ ನಿಧಾನಕ್ಕೆ ನಡೆಸಿ, ಆಮೇಲೆ ರಿಂಗ್ ರೋಡಿನಲ್ಲಿ ವೇಗವಾಗಿ ಓಡಿಸಿ. ಕೊನೆಗೆ ಬಿಸಿಲಲ್ಲೇ ನಿಲ್ಲಿಸಿ, ಎಸಿ ಆರಿಸದೆ ಹತ್ತು ನಿಮಿಷ ಇಂಜಿನ್ ಓಡಲಿ. ತಾಪಮಾನದ ಮುಳ್ಳು ಮಧ್ಯ ದಾಟಿ ಮೇಲೇರಬಾರದು. ಕೆಲವು ಹೊಸ ಮಾಡೆಲ್‌ಗಳಲ್ಲಿ ಮುಳ್ಳಿನ ಬದಲು ಬರೀ ಕೆಂಪು ದೀಪ ಇರುತ್ತದೆ, ಅದು ಹತ್ತಬಾರದು. ರೇಡಿಯೇಟರ್ ಫ್ಯಾನ್ ತಿರುಗುವ ಸದ್ದು ಕೇಳಬೇಕು. ಹಿಂದಿನ ಸೀಟಿನಲ್ಲಿ ಕೂತ ಅವ್ವನಿಗೆ ತಂಪು ಮುಟ್ಟುತ್ತಿದೆಯಾ ಕೇಳಿ. ಎಸಿ ಕಂಪ್ರೆಸರ್ ಹೋದರೆ ಖರ್ಚು ಸಣ್ಣದಲ್ಲ. ನಮ್ಮ ಊರಿನಲ್ಲಿ ಎಸಿ ಶೋಕಿಗೆ ಬೇಕಾದದ್ದಲ್ಲ, ಮಕ್ಕಳಿರುವ ಕಾರಿಗೆ ಅದು ಬೇಕೇ ಬೇಕು.

ಓಡಿಸುವಾಗ ರೇಡಿಯೊ ಬೇಡ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೊರಟಾಗ ಮುಂದಿನ ಚಕ್ರದ ಕಡೆ ಟಕ್ ಟಕ್ ಸದ್ದು ಬಂದರೆ ಆಕ್ಸಲ್ ಜಾಯಿಂಟ್ ಸವೆದಿದೆ. ಹಂಪ್ ಮೇಲೆ ದಡಬಡ ಅಂದರೆ ಸಸ್ಪೆನ್ಷನ್. ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯಬಾರದು.

ಮುಚ್ಚಿಟ್ಟದ್ದನ್ನು ಹುಡುಕುವುದು

ಮೀಟರ್ ಹಿಂದಕ್ಕೆ ತಿರುಗಿಸುವುದು ಈಗಲೂ ನಿಂತಿಲ್ಲ. ಮೀಟರಿನಲ್ಲಿ 40 ಸಾವಿರ ಕಿಲೋಮೀಟರ್ ಇದ್ದು ಕ್ಲಚ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ, ಚಾಲಕನ ಸೀಟು ಕುಸಿದಿದ್ದರೆ ನಂಬಬೇಡಿ. ಮಾಲೀಕರಿಂದಲೇ ಕಂಪನಿ ಸರ್ವಿಸ್ ಸೆಂಟರಿಗೆ ಫೋನ್ ಮಾಡಿಸಿ, ಯಾವ ದಿನ ಎಷ್ಟು ಕಿಲೋಮೀಟರಿಗೆ ಸರ್ವಿಸ್ ಆಗಿದೆ ಎಂಬ ದಾಖಲೆ ತರಿಸಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 3519 ಎಂದರೆ 2019ರ 35ನೇ ವಾರ ತಯಾರಾದದ್ದು. ಟೈರಿನ ಗೀರು ಇನ್ನೂ ಆಳ ಇದ್ದರೂ ಆರು ವರ್ಷ ದಾಟಿದ ಟೈರನ್ನು ನಮ್ಮ ಬಿಸಿಲಿನಲ್ಲಿ ನಂಬಲಾಗದು. ಕಿಟಕಿ ಗಾಜುಗಳ ಮೂಲೆಯಲ್ಲೂ ವರ್ಷದ ಗುರುತಿರುತ್ತದೆ. ಎಲ್ಲ ಗಾಜೂ ಒಂದು ವರ್ಷದ್ದಾಗಿ ಒಂದು ಮಾತ್ರ ಬೇರೆ ಇದ್ದರೆ ಆ ಬದಿಯನ್ನು ಗಮನಿಸಿ. ಬಾನೆಟ್ ಮತ್ತು ಮಡ್‌ಗಾರ್ಡಿನ ಬೋಲ್ಟ್‌ಗಳ ಬಣ್ಣ ಕಿತ್ತಿದ್ದರೆ ಅವನ್ನು ಒಮ್ಮೆ ಬಿಚ್ಚಿದ್ದಾರೆ. ಸಣ್ಣ ಡೆಂಟಿಂಗ್-ಪೇಂಟಿಂಗ್ ತಪ್ಪಲ್ಲ. ಒಳಗಿನ ಚೌಕಟ್ಟಿಗೆ ವೆಲ್ಡಿಂಗ್ ಆಗಿದ್ದರೆ ಮಾತ್ರ ಬಿಟ್ಟುಬಿಡಿ.

ನೆರೆ ನೀರಿನಲ್ಲಿ ಮುಳುಗಿದ ಕಾರು ಇನ್ನೊಂದು ಅಪಾಯ. 2020ರ ಅಕ್ಟೋಬರಿನಲ್ಲಿ ಹೈದರಾಬಾದ್ ನೆರೆ ಎಷ್ಟು ಗಾಡಿಗಳನ್ನು ಮುಳುಗಿಸಿತು ಎಂಬುದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಅಂಥ ಗಾಡಿಯನ್ನು ತೊಳೆದು ಒಣಗಿಸಿದರೆ ಹೊರಗೆ ಏನೂ ಕಾಣುವುದಿಲ್ಲ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಮಣ್ಣಿನ ಕಲೆ ಅಲ್ಲಿ ಉಳಿದಿರುತ್ತದೆ. ಸೀಟಿನ ಕೆಳಗಿನ ಕಂಬಿಗಳ ತುಕ್ಕು, ಕಾರ್ಪೆಟ್ ಎತ್ತಿದಾಗ ಮುಗ್ಗಲು ವಾಸನೆ, ಹೆಡ್‌ಲೈಟ್ ಒಳಗೆ ಮಂಜು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲಿ ಒಣ ಕೆಸರು. ಇವುಗಳಲ್ಲಿ ಎರಡು ಕಂಡರೂ ವಾಪಸ್ ಬನ್ನಿ. ವೈರಿಂಗಿಗೆ ನೀರು ಹೊಕ್ಕ ಕಾರು ಯಾವಾಗ ಎಲ್ಲಿ ನಿಲ್ಲುತ್ತದೋ ಹೇಳಲಾಗದು.

ಬಯಾನಾ, ಹೆಸರು, ಇನ್ಶೂರೆನ್ಸ್

ಬೆಲೆ ಮಾತಾಡುವಾಗ ಇನ್ಶೂರೆನ್ಸ್ ಪಾಲಿಸಿಯಲ್ಲಿರುವ ಐಡಿವಿ ಮೊತ್ತ (ವಿಮಾ ಕಂಪನಿ ಗಾಡಿಗೆ ಹಿಡಿದ ಬೆಲೆ) ನೋಡಿ. ಅದೇ ಬೆಲೆ ಅಂತಲ್ಲ, ಆದರೆ ಮಾತು ಶುರು ಮಾಡಲು ಒಂದು ಗಟ್ಟಿ ಆಧಾರ. ಟೈರು, ಬ್ಯಾಟರಿ, ಎಸಿ ಗ್ಯಾಸು ಹೀಗೆ ಮಿಸ್ತ್ರಿ ಹೇಳಿದ ಖರ್ಚನ್ನು ಚೀಟಿಯಲ್ಲಿ ಬರೆದು ಮುಂದಿಡಿ. ಬಯಾನಾ, ಅಂದರೆ ಮುಂಗಡ, ಸಣ್ಣದಿರಲಿ, ಅದನ್ನೂ ಫೋನ್‌ಪೇಯಲ್ಲೋ ಬ್ಯಾಂಕಿನಲ್ಲೋ ಕೊಡಿ. ಎನ್‌ಒಸಿ ಬರದಿದ್ದರೆ ದುಡ್ಡು ವಾಪಸ್ ಎಂದು ಬಾಂಡ್ ಪೇಪರಿನಲ್ಲಿ ಬರೆಸಿಕೊಳ್ಳಿ.

ಪೂರ್ತಿ ದುಡ್ಡು ಕೊಡುವ ದಿನ ಹೆಸರು ಬದಲಾವಣೆಯ ಫಾರ್ಮ್ 29, ಫಾರ್ಮ್ 30ಕ್ಕೆ ಸಹಿ ಆಗಬೇಕು. ಆರ್‌ಸಿ, ಎರಡೂ ಕೀಲಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ ಕೈಗೆ ಬರಬೇಕು. ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿ ನಂಬರನ್ನು ಗಾಡಿಯ ಮೇಲೆ ಕೆತ್ತಿದ್ದರ ಜೊತೆ ನೀವೇ ಓದಿ ಹೋಲಿಸಿ. ಗಾಡಿ ಕೈಗೆ ಬಂದ ದಿನಾಂಕ ಮಾತ್ರವಲ್ಲ, ಗಂಟೆಯನ್ನೂ ಬರೆದು ಇಬ್ಬರೂ ಸಹಿ ಮಾಡಿ. ಅದಕ್ಕೂ ಮುಂಚಿನ ಅಪಘಾತ, ದಂಡ ಯಾವುದೂ ನಿಮ್ಮ ಮೇಲೆ ಬರಬಾರದು.

ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ಅವರ ಜೊತೆಗೇ ಹೋಗುತ್ತದೆ, ನಿಮಗೆ ಸಿಗುವುದಿಲ್ಲ. ಹಾಗಾಗಿ ಪ್ರೀಮಿಯಂ ಸ್ವಲ್ಪ ಏರುತ್ತದೆ. ಫಾಸ್ಟ್‌ಟ್ಯಾಗ್ ಹಳೆಯದನ್ನು ಮುಚ್ಚಿಸಿ ಹೊಸದು ಹಾಕಿಸಿ.

ಮೊದಲ ವಾರದಲ್ಲೇ ಆಯಿಲ್, ಎಲ್ಲ ಫಿಲ್ಟರ್, ಬ್ರೇಕ್ ಆಯಿಲ್ ಬದಲಿಸಿ. ಕೂಲಂಟ್ ಪೂರ್ತಿ ಖಾಲಿ ಮಾಡಿಸಿ ಹೊಸದು ತುಂಬಿಸಿ. ಈಗ ಬಂಕುಗಳಲ್ಲಿ ಸಿಗುವುದು 20 ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್‌ಗೆ ಮುಂಚಿನ ಹೆಚ್ಚಿನ ಕಾರುಗಳನ್ನು ಅದಕ್ಕೆಂದು ಮಾಡಿರಲಿಲ್ಲ. ಪೆಟ್ರೋಲ್ ಹೋಗುವ ರಬ್ಬರ್ ಪೈಪುಗಳು ಬಿರುಕು ಬಿಟ್ಟಿವೆಯಾ ಎಂದು ಮಿಸ್ತ್ರಿಗೆ ತೋರಿಸಿ, ಸಂಶಯ ಇದ್ದರೆ ಬದಲಿಸಿ. ಹೊಸ ಆರ್‌ಸಿ ಬಂದ ದಿನ ಅದರಲ್ಲಿ ನಿಮ್ಮ ಹೆಸರು, ವಿಳಾಸ, ಚಾಸಿ ನಂಬರ್ ಸರಿ ಇದೆಯಾ ಎಂದು ಕೂತು ಓದಿ. ತಪ್ಪಿದ್ದರೆ ತಡ ಮಾಡದೆ ಆರ್‌ಟಿಒಗೆ ಹೋಗಿ ತಿದ್ದಿಸಿ.