ಅಮೆರಿಕಕ್ಕೆ ಹೊರಟಿದ್ದೀರಾ? ಅಲ್ಲಿ ಸರ್ಕಾರ ಒಂದಲ್ಲ, ಎರಡು

ಮಳೆಗಾಲದಲ್ಲಿ ರಜೆಗೆ ಮಡಿಕೇರಿಗೆ ಬಂದರೆ ಸಾಕು, ಅಮೆರಿಕಕ್ಕೆ ಹೊರಟ ಒಬ್ಬರಾದರೂ ಮನೆಗೆ ಬರುತ್ತಾರೆ. ನೀರು ಸುರಿಯುವ ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು, "ಅಣ್ಣಾ, ಅಲ್ಲಿನ ಚಳಿಗೆ ಎಂಥ ಕೋಟು ತಗೊಳ್ಳಲಿ?" ಎಂದು ಕೇಳುತ್ತಾರೆ. ಕೋಟು ಅಲ್ಲೇ ಸಿಗುತ್ತೆ ಮಾರಾಯ. ಯಾರೂ ಕೇಳದ, ನನಗೂ ಯಾರೂ ಹೇಳದ ವಿಷಯ ಬೇರೆ ಇದೆ. ಅಲ್ಲಿ ಎರಡು ಸರ್ಕಾರ. ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ಕೇಳಿಸುವುದಿಲ್ಲ.

ನಮ್ಮಲ್ಲೂ ಎರಡೇ ಅಲ್ವಾ ಅನ್ನಬೇಡಿ. ನಮ್ಮ ತಲೆಯಲ್ಲಿ ದೆಹಲಿ ಮೇಲೆ, ಬೆಂಗಳೂರು ಕೆಳಗೆ. ಸಂವಿಧಾನದ ಪಟ್ಟಿಗಳಲ್ಲಿ ಇಲ್ಲದ ಅಧಿಕಾರವೆಲ್ಲ ಕೇಂದ್ರಕ್ಕೆ. ಅಲ್ಲಿ ಉಲ್ಟಾ. ಕೇಂದ್ರಕ್ಕೆ ಕೊಡದೆ ಉಳಿದದ್ದು ರಾಜ್ಯಗಳದ್ದು ಇಲ್ಲವೇ ಜನರದ್ದು ಎಂದು ಅಲ್ಲಿನ ಸಂವಿಧಾನದ 1791ರ ಹತ್ತನೇ ತಿದ್ದುಪಡಿಯೇ ಬರೆದಿಟ್ಟಿದೆ.

ಇದು ನನಗೆ ಅರ್ಥವಾದದ್ದು ಪೆಟ್ಟು ತಿಂದ ಮೇಲೆ. ಟೆಕ್ಸಾಸ್‌ನಿಂದ ನ್ಯೂಜೆರ್ಸಿಗೆ ಮನೆ ಬದಲಿಸಿದೆ. ಹೊಸ ಡ್ರೈವಿಂಗ್ ಲೈಸೆನ್ಸ್ ಮಾಡಿಸಿ, ಸರ್ಕಾರಕ್ಕೆ ವಿಳಾಸ ಗೊತ್ತಾಯಿತಲ್ಲ ಎಂದು ಸುಮ್ನೆ ಕೂತೆ. ನಮ್ಮೂರಲ್ಲಿ ಪಂಚಾಯಿತಿ ಜವಾನನಿಗೆ ಗೊತ್ತಾದರೆ ತಾಲ್ಲೂಕಿಗೇ ಗೊತ್ತಾದ ಹಾಗೆ. ಅಲ್ಲಿ ಲೈಸೆನ್ಸ್ ರಾಜ್ಯದ್ದು, ವೀಸಾ ಕೇಂದ್ರದ್ದು. ವಲಸೆ ಇಲಾಖೆಗೆ ಎಆರ್-11 ಎಂಬ ಅರ್ಜಿಯಲ್ಲಿ 10 ದಿನದೊಳಗೆ ಬೇರೆಯಾಗಿಯೇ ತಿಳಿಸಬೇಕು. ಐದು ನಿಮಿಷದ ಕೆಲಸ. ಮಾಡಲಿಲ್ಲ. ಗ್ರೀನ್ ಕಾರ್ಡ್ ಅರ್ಜಿಯ ಬಗ್ಗೆ ಬಂದ ಪತ್ರ ಹಳೇ ಅಪಾರ್ಟ್‌ಮೆಂಟಿಗೆ ಹೋಯಿತು. ಅಲ್ಲಿ ಪಕ್ಕದಲ್ಲಿದ್ದ ಗುಜರಾತಿ ಆಂಟಿ ಫೋಟೊ ತೆಗೆದು ಕಳಿಸಿದಾಗ ಉತ್ತರ ಕೊಡಲು ನಾಲ್ಕೇ ದಿನ ಉಳಿದಿತ್ತು. ಆ ವಾರ ಹೆಂಡತಿ ನನ್ನ ಹತ್ತಿರ ಮಾತಾಡಲಿಲ್ಲ, ಸರಿಯೇ.

ಅದಕ್ಕೂ ಮೊದಲು, ಟೆಕ್ಸಾಸ್‌ನ ಲೈಸೆನ್ಸ್ ಅರ್ಜಿಯಲ್ಲಿ "ಮತದಾರರ ಪಟ್ಟಿಗೆ ಸೇರುತ್ತೀರಾ?" ಎಂಬ ಪ್ರಶ್ನೆ ಇತ್ತು. 1993ರ ಕೇಂದ್ರ ಕಾನೂನಿನಿಂದಾಗಿ ಹಾಗೆ ಕೇಳುತ್ತಾರೆ. ಕೇಳಿದರು ಅಂದ ಮಾತ್ರಕ್ಕೆ ನಮಗೆ ಹಕ್ಕಿಲ್ಲ. ಪೌರತ್ವ ಇಲ್ಲದವರು ಹೌದು ಎಂದು ಗುರುತು ಹಾಕಿದರೆ ಗಡೀಪಾರಿನ ತನಕ ಹೋಗಬಹುದು. ನನ್ನ ಪೆನ್ನು ಆ ಚೌಕದ ಮೇಲೇ ಇತ್ತು. ಮರ್ಯಾದೆಯಿಂದ ಕೇಳಿದ್ದಾರೆ, ಬೇಡ ಅನ್ನೋದು ಹೇಗೆ ಎಂದು ಯೋಚಿಸುತ್ತಿದ್ದೆ!

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಕೈಲ್ ಮುಹೂರ್ತ ಎಂಬ ನಮ್ಮ ಆಯುಧಪೂಜೆಯ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಬೆಳೆದವರು ನಾವು. ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿರುವುದೇ ನಮ್ಮ ಕೇಂದ್ರ ಸರ್ಕಾರ. ಟೆಕ್ಸಾಸ್‌ನಲ್ಲಿ ಮನೆಮನೆಯಲ್ಲಿ ಕೋವಿ ನೋಡಿ ಊರು ಸಿಕ್ಕಿತು ಅನಿಸುತ್ತದೆ. ಮೋಸ ಹೋಗಬೇಡಿ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಕೋವಿ ಇಟ್ಟುಕೊಳ್ಳುವುದು ಕೇಂದ್ರದ ಕಾನೂನಿನಲ್ಲಿ ಅಪರಾಧ. ಬೇಟೆ ಪರವಾನಗಿ ಇದ್ದವರಂಥ ಕೆಲವರಿಗೆ ಮಾತ್ರ ವಿನಾಯಿತಿ. ಗಾಂಜಾ ಕಥೆಯೂ ಇದೇ: ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಯಲ್ಲೇ ಮಾರುತ್ತಾರೆ, ವಲಸೆ ಅಧಿಕಾರಿಗೆ ಅದು ಅಪರಾಧವೇ.

ತೆರಿಗೆ: ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ನ್ಯೂಜೆರ್ಸಿಯಲ್ಲಿದೆ, ಸಂಬಳ ಮಾತಾಡುವಾಗಲೇ ಲೆಕ್ಕ ಹಾಕಿ.

ನನ್ನ ಮಗಳಿಗೆ ಒಂಬತ್ತು ವರ್ಷ. 50 ರಾಜ್ಯಗಳ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಮೊನ್ನೆ ಅಪ್ಪನನ್ನು, "ಅಜ್ಜ, ನಿಮ್ಮ ಸ್ಟೇಟ್ ಯಾವುದು?" ಎಂದಳು. ಅಪ್ಪ ಹುಟ್ಟಿದ್ದು 1953ರಲ್ಲಿ. "ಕೊಡಗು" ಅಂದರು. ಅವಳು ಮೊಬೈಲ್‌ನಲ್ಲಿ ಹುಡುಕಿದಳು. ಸಿಕ್ಕಿದ್ದು ಜಿಲ್ಲೆ. ಅಪ್ಪ ಹೇಳಿದರು: ಆಗ ನಮ್ಮದೇ ರಾಜ್ಯ, 24 ಸೀಟಿನ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಮೈಸೂರಿಗೆ ಸೇರಿತು.

ಅವಳಿಗೆ ನಂಬಿಕೆಯೇ ಬರಲಿಲ್ಲ. ಅವಳ ದೇಶದಲ್ಲಿ ಎರಡು ರಾಜ್ಯ ಸೇರಿಸಬೇಕಾದರೆ ಆ ರಾಜ್ಯಗಳ ಶಾಸನಸಭೆಗಳೇ ಒಪ್ಪಬೇಕು. ನಮ್ಮಲ್ಲಿ ಸಂಸತ್ತು ರಾಜ್ಯದ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ. "ನಿಮ್ಮನ್ನ ಯಾರೂ ಕೇಳಲೇ ಇಲ್ವಾ ಅಜ್ಜ?"

"ಕೇಳಿರಬಹುದು ಪುಟ್ಟಿ. ನನಗೆ ಮೂರು ವರ್ಷ. ಹಾಲು ಬೇಕಾ ಅಂತ ಕೇಳಿರಬಹುದು."

ನಾವೆಲ್ಲ ನಕ್ಕೆವು. ಅವಳಿಗೆ ಪೂರ್ತಿ ಅರ್ಥವಾಗಲಿಲ್ಲ. ನಾನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ನಗು ಮುಗಿದಿತ್ತು.