ವಿಮಾನಕ್ಕೂ ಬುತ್ತಿ ಕಟ್ಟಬಹುದು: ನನ್ನ ಅನುಭವ

ನಮ್ಮದು ಐದು ಜನರ ಕುಟುಂಬ. ಮನೆಯ ಬಾಗಿಲಿನಿಂದ ಹೊರಟು ತಲುಪಬೇಕಾದ ಜಾಗ ಸೇರುವವರೆಗೆ ಹೆಚ್ಚುಕಡಿಮೆ ಹದಿನಾಲ್ಕು ಗಂಟೆ, ನಡುವೆ ಒಂದು ವಿಮಾನ ಬದಲಾವಣೆ. ಇಂಥ ಪ್ರಯಾಣದಲ್ಲಿ ತಿಂಡಿಗಾಗಲಿ ನೀರಿಗಾಗಲಿ ಹೊರಗೆ ಒಂದು ಕಾಸೂ ಖರ್ಚು ಮಾಡದೆ, ಮಕ್ಕಳು ಹಸಿವೆಂದು ರಚ್ಚೆ ಹಿಡಿಯದೆ, ತಪಾಸಣೆಯ ಮೇಜಿನ ಮೇಲೆ ಒಂದು ವಸ್ತುವನ್ನೂ ಬಿಟ್ಟುಕೊಡದೆ ಹೋಗಿಬರುವ ಕ್ರಮವೊಂದು ಈಗ ನಮ್ಮ ಕೈಗೆ ಸಿಕ್ಕಿದೆ. ನಾನು ಮೊದಲು ಈ ವಿಚಾರ ಎತ್ತಿದಾಗ ನಮ್ಮ ಭಾವ, "ಬಸ್ಸಿಗೆ ಕಟ್ಟಿದ ಹಾಗೆ ವಿಮಾನಕ್ಕೆ ಬುತ್ತಿ ಕಟ್ಟುವುದಕ್ಕಾಗುವುದಿಲ್ಲ, ಅರ್ಧಕ್ಕರ್ಧ ತಪಾಸಣೆಯಲ್ಲೇ ಕಸದ ಬುಟ್ಟಿ ಸೇರುತ್ತದೆ" ಎಂದಿದ್ದರು. ತಣ್ಣಗಾದದ್ದನ್ನು ಯಾರು ತಿನ್ನುತ್ತಾರೆ ಎಂಬುದು ಅತ್ತೆಯವರ ಅನುಮಾನವಾಗಿತ್ತು. ಈಗ ಭಾವನವರು ತಮ್ಮ ಪ್ರಯಾಣದ ಹಿಂದಿನ ದಿನ ನನಗೆ ಕರೆ ಮಾಡಿ ಏನೇನು ಕಟ್ಟಬೇಕೆಂದು ಕೇಳುತ್ತಾರೆ. ಅತ್ತೆಯವರು ತಮ್ಮ ಪೊಟ್ಟಣವನ್ನು ತಾವೇ ಮುಂದೆ ನಿಂತು ಕಟ್ಟಿಸಿಕೊಳ್ಳುತ್ತಾರೆ.

ಮಕ್ಕಳನ್ನು ಕರೆದುಕೊಂಡು ವಿಮಾನ ಹತ್ತಿದ ಯಾರಿಗೂ 100 ಮಿಲಿಲೀಟರ್ ನಿಯಮವನ್ನು ನಾನು ವಿವರಿಸಬೇಕಾಗಿಲ್ಲ: ಕೈಚೀಲದಲ್ಲಿ ಒಯ್ಯುವ ದ್ರವದ ಡಬ್ಬಿ ಯಾವುದೂ ಆ ಅಳತೆಗಿಂತ ದೊಡ್ಡದಿರಬಾರದು. 2006ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಬಂದ ಆ ನಿಯಮ ನಮ್ಮ ಚೀಲಗಳನ್ನು ಆಳುತ್ತಿದೆ. ಹೊಸ ಬಗೆಯ ಸ್ಕ್ಯಾನರ್ ಬಂದಿರುವ ಕೆಲವು ನಿಲ್ದಾಣಗಳಲ್ಲಿ ಅದು ಸಡಿಲವಾಗಿದೆಯಾದರೂ, ಹೋಗುವಾಗ ಸಡಿಲವಿದ್ದ ಮಾತ್ರಕ್ಕೆ ಬರುವಾಗಲೂ ಹಾಗೆಯೇ ಇರಬೇಕೆಂದಿಲ್ಲ. ಆದ್ದರಿಂದ ಹಳೆಯ ನಿಯಮವೇ ಎಲ್ಲೆಡೆ ಇದೆಯೆಂದು ಭಾವಿಸಿಯೇ ನಾನು ಕಟ್ಟುತ್ತೇನೆ.

ಈ ಹಠಕ್ಕೆ ಮೊದಲ ಕಾರಣ ಹಣ. ಊಟ ಸೇರಿರದ ಅಗ್ಗದ ಟಿಕೆಟ್ಟಿನಲ್ಲಿ ಹೋದ ಒಂದು ಪ್ರಯಾಣದಲ್ಲಿ ನಿಲ್ದಾಣದೊಳಗೆ ಮತ್ತು ವಿಮಾನದೊಳಗೆ ನಾವು ಕೊಂಡು ತಿಂದದ್ದನ್ನು ಆಮೇಲೆ ಕೂಡಿಸಿ ನೋಡಿದಾಗ, ನೆನಪಿನ ಮೇಲೆ ಹೇಳುವುದಾದರೆ, ಅದು ಒಬ್ಬರ ಟಿಕೆಟ್ಟಿನ ಮೂರನೇ ಒಂದು ಭಾಗವನ್ನು ದಾಟಿತ್ತು. ಅದರಲ್ಲಿ ನೀರಿನ ಪಾಲೇ ಸುಮಾರು ಕಾಲು ಭಾಗ. ಅದೇ ದಾರಿಗೆ ಮನೆಯಿಂದ ಕಟ್ಟಿಕೊಂಡು ಹೋದಾಗ ತಗಲಿದ ಖರ್ಚು ಆ ಮೊತ್ತದ ಐದರಲ್ಲೊಂದು ಪಾಲು ಇದ್ದಿರಬೇಕು. ಬಾಟಲಿ, ಡಬ್ಬಿ, ಜಿಪ್ ಚೀಲಗಳಿಗೆ ಹಾಕಿದ ದುಡ್ಡು ಒಂದು ಹೋಗಿಬರುವಿಕೆಯಲ್ಲಿ ಪೂರ್ತಿಯಾಗಿ ಹುಟ್ಟಲಿಲ್ಲ, ಎರಡನೆಯದರಲ್ಲಿ ಹುಟ್ಟಿತು. ಹಣ ಉಳಿಸುವುದಷ್ಟೇ ಗುರಿಯಾಗಿದ್ದರೆ ಖಾಲಿ ಬಾಟಲಿಗಳನ್ನು ಒಯ್ದು, ತಪಾಸಣೆ ದಾಟಿದ ಮೇಲೆ ಕುಡಿಯುವ ನೀರಿನ ನಲ್ಲಿಯಲ್ಲಿ ತುಂಬಿಸಿಕೊಂಡರೂ ಸಾಕು. ಲಾಭದ ದೊಡ್ಡ ತುಂಡು ಅಲ್ಲಿಯೇ ಇದೆ.

ಮೊದಮೊದಲು ಎಲ್ಲವನ್ನೂ ಒಂದೇ ದೊಡ್ಡ ಚೀಲಕ್ಕೆ ತುಂಬಿ ತಲೆಯ ಮೇಲಿನ ಗೂಡಿಗೆ ಏರಿಸುವ ಪದ್ಧತಿ ಇತ್ತು. ಅದು ನಡೆಯಲಿಲ್ಲ. ಬೆಲ್ಟ್ ಕಟ್ಟಿಕೊಳ್ಳಿರೆಂಬ ದೀಪ ಉರಿಯುತ್ತಿರುವಾಗಲೇ ಚಿಕ್ಕವನಿಗೆ ಹಸಿವಾಗುತ್ತದೆ, ಎದ್ದು ಗೂಡು ತೆರೆಯುವಂತಿಲ್ಲ; ತೆರೆದಾಗ ಬೇಕಾದದ್ದು ಚೀಲದ ತಳದಲ್ಲಿರುತ್ತದೆ; ಒಬ್ಬರಿಗಾಗಿ ತೆಗೆದದ್ದು ಐವರ ಕೈಗೂ ಹೋಗಿ, ಅರ್ಧ ದಾರಿಗೆ ಮುನ್ನವೇ ಬುತ್ತಿ ಬರಿದಾಗುತ್ತದೆ. ಈಗ ನಾನು ತಿಂಡಿಯ ಪ್ರಕಾರ ಕಟ್ಟುವುದಿಲ್ಲ, ಆಸನದ ಪ್ರಕಾರ ಮತ್ತು ಹೊತ್ತಿನ ಪ್ರಕಾರ ಕಟ್ಟುತ್ತೇನೆ. ಪ್ರತಿಯೊಬ್ಬರಿಗೂ ಒಂದು ತೆಳುವಾದ ಬಟ್ಟೆ ಚೀಲ, ಅದರೊಳಗೆ ಎರಡೂವರೆ ಗಂಟೆಗೊಂದರಂತೆ ಸಣ್ಣ ಜಿಪ್ ಪೊಟ್ಟಣ, ಮೇಲೆ ಬಣ್ಣದ ಪಟ್ಟಿ. ಹಸಿರು ಪಟ್ಟಿಯದು ವಿಮಾನ ಮೇಲೇರಿ ನೆಲೆಸಿದ ಮೇಲೆ, ಹಳದಿಯದು ನಡುವೆ, ಕೆಂಪಿನದು ಇಳಿಯಲು ಆರಂಭವಾದಾಗ. ಚೀಲ ಮುಂದಿನ ಆಸನದ ಕೆಳಗೆ, ಕಾಲಿನ ಬಳಿ ಇರುತ್ತದೆ. ಮಕ್ಕಳು ಬಣ್ಣ ನೋಡಿ ತಾವೇ ತೆಗೆಯುತ್ತಾರೆ, ಮುಂದಿನ ಬಣ್ಣಕ್ಕಾಗಿ ಕಾಯುತ್ತಾರೆ. ಇದೊಂದು ಬದಲಾವಣೆಯಿಂದಲೇ ಒಯ್ಯುವ ತೂಕ ಮೂರನೇ ಒಂದರಷ್ಟು ಇಳಿಯಿತು. ಏಳು ಕಿಲೋ ಮಿತಿಯ ಕೈಚೀಲದಲ್ಲಿ ಅದು ಸಣ್ಣ ಮಾತಲ್ಲ.

ತಪಾಸಣೆಯಲ್ಲಿ ಕಳೆದುಕೊಂಡದ್ದೆಲ್ಲ ಬಹುಪಾಲು ಹಚ್ಚುವ, ಬಳಿಯುವ ಪದಾರ್ಥಗಳೇ. ಮೊಸರು, ಜಾಮ್, ಕಡಲೆಕಾಯಿ ಬೆಣ್ಣೆ, ಮೆತ್ತನೆಯ ಚೀಸ್ ಇವೆಲ್ಲ ನಮ್ಮ ಕಣ್ಣಿಗೆ ಆಹಾರ, ಅಧಿಕಾರಿಗಳ ಕಣ್ಣಿಗೆ ದ್ರವ. ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂಬುದು ಲೆಕ್ಕಕ್ಕಿಲ್ಲ, ಡಬ್ಬಿಯ ಅಳತೆಯೇ ಲೆಕ್ಕ. ಅದೇ ಜಾಮನ್ನು ಮನೆಯಲ್ಲೇ ಬ್ರೆಡ್ಡಿಗೆ ಹಚ್ಚಿ ಮುಚ್ಚಿ ಒಯ್ದರೆ ಯಾರೂ ತಡೆದದ್ದಿಲ್ಲ. ಕೂಸಿನ ಹಾಲಿಗೆ ಮತ್ತು ಅರೆದ ಆಹಾರಕ್ಕೆ ಬಹುತೇಕ ದೇಶಗಳಲ್ಲಿ ಪ್ರಯಾಣಕ್ಕೆ ಬೇಕಾಗುವಷ್ಟರ ಮಟ್ಟಿಗೆ ವಿನಾಯಿತಿ ಇದೆ, ಆದರೆ ಅದನ್ನು ಚೀಲದಿಂದ ಹೊರಗೆ ತೆಗೆದು ಮೊದಲೇ ಹೇಳಿಬಿಡಬೇಕು. ಪುಡಿಗಳ ವಿಷಯದಲ್ಲಿ ಅಮೆರಿಕಕ್ಕೆ ಹೋಗುವಾಗ ಸುಮಾರು 350 ಮಿಲಿಲೀಟರ್ ಡಬ್ಬಿಗಿಂತ ಹೆಚ್ಚಿದ್ದರೆ ಬೇರೆಯಾಗಿ ತಪಾಸಿಸುತ್ತಾರೆ. ನಿಂಬೆ ಪಾನಕದ ಪುಡಿಯನ್ನು ನಾನು ಒಬ್ಬೊಬ್ಬರಿಗೆ ಒಂದೊಂದು ಚಿಟಿಕೆ ಪೊಟ್ಟಣವಾಗಿ ಮಾಡಿ ಹಂಚಿಬಿಡುತ್ತೇನೆ. ಎಕ್ಸ್-ರೇ ಪರದೆಯಲ್ಲಿ ಒತ್ತಾಗಿ ತುಂಬಿದ ಆಹಾರ ಉಳಿದ ವಸ್ತುಗಳನ್ನು ಮರೆಮಾಡುವುದರಿಂದ, ಐದೂ ಬಟ್ಟೆ ಚೀಲಗಳನ್ನು ಒಂದು ತಟ್ಟೆಯಲ್ಲಿ ಹರಡಿ ಇಡುತ್ತೇವೆ. ಹೀಗೆ ಮಾಡಲು ಆರಂಭಿಸಿದ ಮೇಲೆ ನಮ್ಮ ಚೀಲ ಬಿಚ್ಚಿಸಿದ್ದು ಅಪರೂಪ.

ನೀರಿನ ಬಾಟಲಿಯ ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದಕ್ಕೆ ಉಪಾಯ ಕಂಡುಕೊಳ್ಳುವಷ್ಟರಲ್ಲಿ ಬಹಳ ಬಟ್ಟೆಗಳು ಒದ್ದೆಯಾದವು. ಮಗಳದು ಮುಚ್ಚಳ ಎತ್ತಿದರೆ ಕೊಳವೆ ಮೇಲೇಳುವ ಬಾಟಲಿ. ನೆಲದ ಮೇಲೆ ಮುಕ್ಕಾಲು ತುಂಬಿಸಿ ಬಿಗಿಯಾಗಿ ಮುಚ್ಚಿದ್ದೆವು. ವಿಮಾನ ಎತ್ತರಕ್ಕೇರಿದ ಮೇಲೆ ಅವಳು ಮುಚ್ಚಳ ಎತ್ತಿದ ಕೂಡಲೇ, ಬಾಯಿ ತಾಗಿಸುವ ಮೊದಲೇ, ಕೊಳವೆಯಿಂದ ನೀರು ಸಣ್ಣ ಕಾರಂಜಿಯಾಗಿ ಚಿಮ್ಮಿ ಮುಂದಿನ ಆಸನದ ಬೆನ್ನಿನ ಮೇಲೆ ಹರಿಯಿತು. ಒಳಗಿನ ನೀರು ಒಂದಿಷ್ಟು ಖಾಲಿಯಾದ ಮೇಲೆಯೇ ಅದು ನಿಂತದ್ದು. ವಿಮಾನದೊಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟೇ ಇರುತ್ತದೆ, ಎಂದರೆ ಸಮುದ್ರಮಟ್ಟದ ಮುಕ್ಕಾಲರಷ್ಟಕ್ಕೂ ಇಳಿಯಬಹುದು. ಬಾಟಲಿಯ ಮೇಲ್ಭಾಗದಲ್ಲಿ ಸಿಕ್ಕಿಹಾಕಿಕೊಂಡ ನೆಲದ ಗಾಳಿ ಹಿಗ್ಗಲು ಹವಣಿಸಿ ನೀರನ್ನು ಕೊಳವೆಯೊಳಗೆ ತಳ್ಳುತ್ತದೆ. ಒಳಗೆ ಗಾಳಿ ಕಡಿಮೆಯಿದ್ದಷ್ಟೂ ಚಿಮ್ಮುವುದು ಕಡಿಮೆ. ಆದ್ದರಿಂದ ಈಗ ಕಂಠಮಟ್ಟ ತುಂಬಿಸುತ್ತೇವೆ, ಮೇಲೇರುವಾಗ ಕೊಳವೆಯ ಬುಡದ ತಿರುಪನ್ನು ಕಾಲು ಸುತ್ತು ಸಡಿಲಿಸಿ ಗಾಳಿ ಬಿಡುತ್ತೇವೆ, ಆಮೇಲೆ ಮತ್ತೆ ಬಿಗಿ ಮಾಡುತ್ತೇವೆ. ಬಿಸಿನೀರಿನ ಫ್ಲಾಸ್ಕಿಗೂ ಇದೇ ಮಾತು. ಅದನ್ನು ಮಕ್ಕಳ ಕೈಗೆ ಕೊಡದೆ, ನೇರವಾಗಿ ಹಿಡಿದು ನಿಧಾನವಾಗಿ ತೆರೆಯಬೇಕು.

ಗಾಳಿ ತುಂಬಿ ಬರುವ ಗರಿಗರಿ ತಿಂಡಿಯ ಪ್ಯಾಕೆಟ್ಟುಗಳೂ ಅಷ್ಟೇ, ಮೇಲೆ ಹೋದಂತೆ ದಿಂಬಿನಂತೆ ಉಬ್ಬಿ ಚೀಲದ ಜಾಗವನ್ನೆಲ್ಲ ತಿನ್ನುತ್ತವೆ. ಮನೆಯಲ್ಲೇ ಒಡೆದು, ಗಾಳಿ ಒತ್ತಿ ತೆಗೆದು, ಜಿಪ್ ಚೀಲಕ್ಕೆ ಹಾಕಿದರೆ ಅರ್ಧ ಜಾಗ ಸಾಕು. ಗ್ಯಾಸ್ ತುಂಬಿದ ಪಾನೀಯಗಳನ್ನು ಈ ಕಾರಣಕ್ಕೇ ನಾನು ಪಟ್ಟಿಯಿಂದ ತೆಗೆದಿದ್ದೇನೆ. ಬಾಟಲಿಯಲ್ಲಿ ಹಿಗ್ಗುವ ಗಾಳಿ ಹೊಟ್ಟೆಯಲ್ಲೂ ಹಿಗ್ಗುತ್ತದೆ, ಮಕ್ಕಳಿಗೆ ಅದು ನೋವು ಕೊಡುತ್ತದೆ.

ರುಚಿಯ ವಿಷಯದಲ್ಲಿ ನಾನು ದಾರಿ ಬಿಟ್ಟು ಕೆಲವು ಪ್ರಯೋಗಗಳನ್ನು ಮಾಡಿದೆ. ಮನೆಯಲ್ಲಿ ಎಲ್ಲರೂ ಮೆಚ್ಚಿದ ಆಲೂಗಡ್ಡೆ ಕಟ್ಲೆಟ್ ಮೇಲೆ ಹೋದಾಗ ಸಪ್ಪೆ ಎನಿಸುತ್ತಿತ್ತು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2010ರ ಸುಮಾರಿಗೆ ಲುಫ್ತಾನ್ಸಾ ವಿಮಾನ ಸಂಸ್ಥೆಗಾಗಿ ನಡೆಸಿದ ಪರೀಕ್ಷೆಯಲ್ಲಿ, ವಿಮಾನದ ಒತ್ತಡ ಮತ್ತು ಒಣಗಾಳಿಯಲ್ಲಿ ಉಪ್ಪಿನ ರುಚಿ ಶೇಕಡ 20ರಿಂದ 30ರಷ್ಟು, ಸಿಹಿ ಶೇಕಡ 15ರಿಂದ 20ರಷ್ಟು ಮಂಕಾಗುತ್ತದೆಂದು ಕಂಡುಬಂದಿತ್ತು. ಎಂಜಿನ್ನಿನ ಗದ್ದಲದಲ್ಲಿ ಸಿಹಿ ಕುಗ್ಗಿ, ಟೊಮ್ಯಾಟೊ, ಅಣಬೆ, ಹಳೆಯ ಚೀಸ್ ಇವುಗಳಲ್ಲಿರುವ ಉಮಾಮಿ ರುಚಿ ಎದ್ದು ಕಾಣುತ್ತದೆಂದು ಕಾರ್ನೆಲ್ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದರು. ಇದನ್ನು ಓದಿದ ಮೇಲೆ ಒಂದೇ ಹಿಟ್ಟಿನ ಬಿಸ್ಕತ್ತನ್ನು ಮೂರು ಹದದಲ್ಲಿ ಮಾಡಿಕೊಂಡು ಹೋಗಿ, ಗುರುತು ಹೇಳದೆ ಎಲ್ಲರಿಗೂ ಕೊಟ್ಟೆ. ಉಪ್ಪು ಹೆಚ್ಚಿಸಿದ್ದಕ್ಕಿಂತ, ಉಪ್ಪನ್ನು ಹಾಗೆಯೇ ಬಿಟ್ಟು ಒಣ ಟೊಮ್ಯಾಟೊ ಪುಡಿ ಮತ್ತು ತುರಿದ ಗಟ್ಟಿ ಚೀಸ್ ಬೆರೆಸಿದ್ದನ್ನೇ ಐವರಲ್ಲಿ ನಾಲ್ವರು ಆರಿಸಿದರು. ರಕ್ತದೊತ್ತಡವಿರುವ ಅತ್ತೆಯವರಿಗೆ ಇದರಿಂದ ದೊಡ್ಡ ಉಪಕಾರವಾಯಿತು. ಅವರ ಪೊಟ್ಟಣದಲ್ಲಿ ನಿಂಬೆಯ ಹುಳಿಯೂ ಇರುತ್ತದೆ. ಹುಳಿ ಎತ್ತರದಲ್ಲೂ ತನ್ನ ಚುರುಕನ್ನು ಅಷ್ಟಾಗಿ ಕಳೆದುಕೊಳ್ಳುವುದಿಲ್ಲ.

ಒಣಗಾಳಿ ಬ್ರೆಡ್ಡಿನ ಶತ್ರು. ಒಳಗಿನ ತೇವಾಂಶ ಸಾಮಾನ್ಯವಾಗಿ ಶೇಕಡ 20ಕ್ಕೂ ಕಡಿಮೆಯಿರುವುದರಿಂದ, ಪೊಟ್ಟಣ ಬಿಚ್ಚಿಟ್ಟ ಸ್ಯಾಂಡ್‌ವಿಚ್‌ನ ಅಂಚು ನೋಡನೋಡುತ್ತಲೇ ಒರಟಾಗುತ್ತದೆ; ಹಾಗೆಂದು ಸೌತೆಕಾಯಿ, ಟೊಮ್ಯಾಟೊ ಹೋಳು ಇಟ್ಟರೆ ನಡುವು ಹಸಿಯಾಗಿ ಹಿಟ್ಟಾಗುತ್ತದೆ. ಎಂಟು ಗಂಟೆಯ ಮೇಲೂ ಅಂಚೂ ನಡುವೂ ಒಂದೇ ಹದದಲ್ಲಿರುವ ಹಾಗೆ ಮಡಿಸುವ ಕ್ರಮವೊಂದು ನನ್ನಲ್ಲಿದೆ. ಅದನ್ನು ಸದ್ಯಕ್ಕೆ ನಮ್ಮ ಮನೆಯವರಿಗಷ್ಟೇ ಹೇಳಿಕೊಟ್ಟಿದ್ದೇನೆ. ತರಕಾರಿಯನ್ನು ಬ್ರೆಡ್ಡಿಗೆ ನೇರವಾಗಿ ತಾಗಿಸಬಾರದು ಎಂಬಷ್ಟು ಸುಳಿವು ಸಾಕು.

ತಂಪು ಕಾಯ್ದುಕೊಳ್ಳುವುದು ಅತ್ಯಂತ ಕಷ್ಟದ ಭಾಗ. ಬೇಯಿಸಿದ ಮೊಟ್ಟೆ, ಮಾಂಸ, ಅನ್ನ, ಹಾಲಿನ ಪದಾರ್ಥಗಳನ್ನು ತಂಪಿಲ್ಲದೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು, ನಿಲ್ದಾಣಕ್ಕೆ ಹೋಗಿ ಕಾಯುವುದರಲ್ಲೇ ಅಷ್ಟು ಹೊತ್ತು ಕಳೆದುಹೋಗುತ್ತದೆ. ಜೆಲ್ ತುಂಬಿದ ಮಂಜಿನ ಪೊಟ್ಟಣ ಕಲ್ಲಿನಂತೆ ಗಟ್ಟಿಯಿದ್ದರೆ ಅಮೆರಿಕದಲ್ಲಿ ಬಿಡುತ್ತಾರೆ, ಅರೆ ಕರಗಿದ್ದರೆ ದ್ರವದ ನಿಯಮ ಹಾಕುತ್ತಾರೆ. ಸರತಿ ಉದ್ದವಿದ್ದ ದಿನ ನಮ್ಮದು ಕರಗಿಯೇ ಹೋಗಿತ್ತು. ಒಣ ಮಂಜುಗಡ್ಡೆಯನ್ನು ವಿಮಾನ ಸಂಸ್ಥೆಯ ಅನುಮತಿಯೊಂದಿಗೆ ಒಬ್ಬರು 2.5 ಕಿಲೋವರೆಗೆ ಒಯ್ಯಬಹುದಾದರೂ ಅದರ ಗೊಡವೆ ಮಕ್ಕಳಿರುವವರಿಗೆ ಬೇಡ. ಕೊನೆಗೆ ನನಗೆ ಒಗ್ಗಿದ್ದು ಹೆಪ್ಪುಗಟ್ಟಿಸಿದ ದ್ರಾಕ್ಷಿ. ರಾತ್ರಿಯೆಲ್ಲ ಫ್ರೀಜರ್‌ನಲ್ಲಿಟ್ಟ ದ್ರಾಕ್ಷಿಯನ್ನು ಚೀಸ್ ತುಂಡುಗಳ ಸುತ್ತ ಒತ್ತಾಗಿ ಇಟ್ಟರೆ ಅದು ಮೂರು ಗಂಟೆಯಾದರೂ ತಂಪು ಹಿಡಿಯುತ್ತದೆ, ಆಮೇಲೆ ಹಣ್ಣಾಗಿಯೇ ಹೊಟ್ಟೆ ಸೇರುತ್ತದೆ. ಐದು ವರ್ಷದೊಳಗಿನವರಿಗೆ ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕುವ ಅಪಾಯವಿರುವುದರಿಂದ ಉದ್ದಕ್ಕೆ ಸೀಳಿಯೇ ಹೆಪ್ಪುಗಟ್ಟಿಸುತ್ತೇನೆ. ಮೊದಲ ಮೂರು ಗಂಟೆಯ ನಂತರದ ಪೊಟ್ಟಣಗಳಲ್ಲಿ ತಂಪು ಬೇಡುವ ಯಾವ ಪದಾರ್ಥವನ್ನೂ ಇಡುವುದಿಲ್ಲ. ಒಣಹಣ್ಣು, ಬೀಜ, ಬಿಸ್ಕತ್ತು, ಸೇಬು ಇಷ್ಟೇ. ಕಡಲೆಕಾಯಿಯನ್ನು ಮಾತ್ರ ತರುವುದನ್ನು ಬಿಟ್ಟೆವು, ಪಕ್ಕದ ಆಸನದವರಿಗೆ ಅದರ ಅಲರ್ಜಿಯಿದ್ದರೆ ಹತ್ತು ಗಂಟೆ ಅವರು ಆತಂಕದಲ್ಲಿ ಕೂರಬೇಕಾಗುತ್ತದೆ.

ಕೆಂಪು ಪಟ್ಟಿಯ ಪೊಟ್ಟಣದ ಕೆಲಸ ಹಸಿವು ನೀಗಿಸುವುದಲ್ಲ. ಇಳಿಯುವಾಗ ಕಿವಿ ಕಟ್ಟುವುದಕ್ಕೆ ನುಂಗುವುದೇ ಮದ್ದು, ಆದ್ದರಿಂದ ಅದರಲ್ಲಿ ಬಹಳ ಹೊತ್ತು ಅಗಿಯಬೇಕಾದ ಒಣ ಏಪ್ರಿಕಾಟ್ ಇರುತ್ತದೆ, ಕೂಸಿಗೆ ಹಾಲಿನ ಬಾಟಲಿ. ವಿಮಾನ ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮುಂಚೆ ಆರಂಭಿಸಿದರೆ ಸರಿಹೋಗುತ್ತದೆ. ತಡಮಾಡಿದರೆ ಮಗು ಅಳಲು ತೊಡಗಿ, ಬಾಟಲಿಯನ್ನೇ ಮುಟ್ಟುವುದಿಲ್ಲ.

ಉಳಿದದ್ದನ್ನು ಇಳಿಯುವ ಮೊದಲೇ ಮುಗಿಸಬೇಕು ಅಥವಾ ಸಿಬ್ಬಂದಿಯ ಕಸದ ಚೀಲಕ್ಕೆ ಹಾಕಬೇಕು. ಹಣ್ಣು, ಮಾಂಸ, ಹಾಲಿನ ಪದಾರ್ಥಗಳ ಮೇಲೆ ಹಲವು ದೇಶಗಳ ಗಡಿಯಲ್ಲಿ ಕಟ್ಟುನಿಟ್ಟಿದೆ. ನ್ಯೂಜಿಲೆಂಡಿನಲ್ಲಿ ಮರೆತು ಚೀಲದಲ್ಲಿ ಉಳಿದ ಒಂದು ಸೇಬನ್ನು ಘೋಷಿಸದಿದ್ದರೆ ಅಲ್ಲಿಯ 400 ಡಾಲರ್ ದಂಡ, ಅಲ್ಲಿಗೆ ಇಡೀ ಬುತ್ತಿಯ ಉಳಿತಾಯ ಮಣ್ಣುಪಾಲು. ನಾನು ಸೀಟಿನ ಜೇಬು, ಮಕ್ಕಳ ಕೋಟಿನ ಜೇಬು, ಅತ್ತೆಯವರ ಕೈಚೀಲ ಮೂರನ್ನೂ ತಡವಿಯೇ ಏಳುತ್ತೇನೆ. ಹಿಂದಿರುಗುವ ದಾರಿಗೆ ಬೇಕಾದ ಒಣ ಪೊಟ್ಟಣಗಳನ್ನು ಹೊರಡುವ ದಿನವೇ ಬಣ್ಣದ ಪಟ್ಟಿಯೊಂದಿಗೆ ಕಟ್ಟಿ ದೊಡ್ಡ ಪೆಟ್ಟಿಗೆಯ ತಳದಲ್ಲಿ ಇಟ್ಟಿರುತ್ತೇನೆ, ಅವುಗಳನ್ನು ಮಾತ್ರ ಅಂಗಡಿಯ ಸೀಲ್ ಒಡೆಯದೆ ಒಯ್ದು, ಗಡಿಯಲ್ಲಿ ಕೇಳುವ ಮೊದಲೇ ಘೋಷಿಸುತ್ತೇನೆ; ತಾಜಾ ಬ್ರೆಡ್ಡು ಹಣ್ಣುಗಳನ್ನು ಹೊರಡುವ ಹಿಂದಿನ ಸಂಜೆ ಅಲ್ಲಿಯೇ ಕೊಳ್ಳುತ್ತೇವೆ.