ಹೊಲದ ಟವರ್ ಈಗ ಯಾರದು? ಪತ್ತೆ ಹಚ್ಚೋದು ಹೀಗೆ

ಜಮಖಂಡಿ ಹತ್ತಿರ ನಮ್ಮ ಕಬ್ಬಿನ ಹೊಲದ ಮೂಲೆಯಲ್ಲಿ ಒಂದು ಮೊಬೈಲ್ ಟವರ್ ಇದೆ. ಎರಡು ಗುಂಟೆ ಜಾಗ, ತಿಂಗಳ ಬಾಡಿಗೆ. ಹದಿನಾಲ್ಕು ವರ್ಷದಿಂದ ಟವರ್ ಅಲ್ಲೇ ನಿಂತಿದೆ, ಧಣಿ ಮಾತ್ರ ಬದಲಾಗುತ್ತಲೇ ಇದ್ದಾನೆ. ಒಂದು ಸಲ ಹೀಗೆ ಕೈ ಬದಲಾದಾಗ ಮೂರು ತಿಂಗಳು ಬಾಡಿಗೆ ಬರಲಿಲ್ಲ. ಹಳೇ ನಂಬರಿಗೆ ಫೋನ್ ಹಚ್ಚಿದರೆ, "ಅದು ಈಗ ನಮ್ಮದಲ್ರೀ" ಅಂದರು. ಯಾರದು ಅಂತ ಮಾತ್ರ ಹೇಳಲಿಲ್ಲ.

ಸಿಮ್ ಮಾರುವ ಅಂಗಡಿಗೆ ಹೋಗಿ ಜಗಳ ಮಾಡಬೇಡಿ. ನಾನು ಮಾಡಿದ್ದೆ, ನಗೆಪಾಟಲಾಯಿತು. ಬಹಳಷ್ಟು ಕಡೆ ಸಿಮ್ ಕಂಪನಿ ಬೇರೆ, ಟವರ್ ಕಂಪನಿ ಬೇರೆ. ಒಂದೇ ಟವರ್ ಮೇಲೆ ಎರಡು ಮೂರು ಸಿಮ್ ಕಂಪನಿಗಳ ಆಂಟೆನಾ ಇರಬಹುದು. ಅವರೂ ನಿಮ್ಮ ಟವರ್ ಕಂಪನಿಗೆ ಬಾಡಿಗೆ ಕೊಡುವವರೇ.

ಮೊದಲು ಬೇಲಿ ಗೇಟಿನ ಬೋರ್ಡಿನ ಫೋಟೊ ತೆಗೆದುಕೊಳ್ಳಿ, ಅದರಲ್ಲಿ ಸೈಟ್ ನಂಬರ್ ಇರುತ್ತದೆ. ಪಾಸ್‌ಬುಕ್ಕಿನಲ್ಲಿ ಕೊನೆಯ ಬಾಡಿಗೆ ಯಾರ ಹೆಸರಿನಿಂದ ಬಂದಿದೆ ನೋಡಿ. ಕರಾರು ಪತ್ರದ ಹೆಸರಿಗೆ ಎರಡನ್ನೂ ಹೋಲಿಸಿ. ಹೆಸರು ಹೊಂದದಿದ್ದರೆ ನಡುವೆ ಏನೋ ಆಗಿದೆ ಅಂತಲೇ ಅರ್ಥ.

ಇನ್ನು ಕಂಪನಿಯ ಪತ್ರ ಹುಡುಕಿ. ಲೆಟರ್‌ಹೆಡ್ಡಿನಲ್ಲಿ 'ಸಿಐಎನ್' ಅಂತ 21 ಅಕ್ಷರ, ಅಂಕಿಗಳ ನಂಬರ್ ಇರುತ್ತದೆ. ಇದೇ ಕಂಪನಿಯ ಜಾತಕ. ಶುರುವಿನಲ್ಲಿ 'ಎಲ್' ಇದ್ದರೆ ಷೇರು ಪೇಟೆಯಲ್ಲಿರುವ ಕಂಪನಿ, 'ಯು' ಇದ್ದರೆ ಅಲ್ಲ. ನಡುವೆ 'ಎಫ್‌ಟಿಸಿ' ಅಂತ ಇದ್ದರೆ ಅದು ವಿದೇಶಿ ಕಂಪನಿಯ ಮರಿ. ಕೊನೆಯ ಆರು ಅಂಕಿಗಳು ಸಾಮಾನ್ಯವಾಗಿ ಹೆಸರು ಬದಲಾದರೂ ಬದಲಾಗಲ್ಲ. ಹಳೇ ಪತ್ರದಲ್ಲೂ ಅವೇ ಅಂಕಿ ಇದ್ದರೆ ಕಂಪನಿ ಅದೇ, ಬರೀ ಹೆಸರು ಹೊಸದು. ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ವೆಬ್‌ಸೈಟಿನಲ್ಲಿ ಈ ನಂಬರ್ ಹಾಕಿದರೆ ಕಚೇರಿ ವಿಳಾಸ ಸಿಗುತ್ತದೆ.

'ಎಫ್‌ಟಿಸಿ' ಇಲ್ಲ ಅಂದಮಾತ್ರಕ್ಕೆ ಸ್ವದೇಶಿ ಅಂತಲ್ಲ. ಹೊರಗಿನ ದುಡ್ಡು ಟ್ರಸ್ಟ್ (ಹಲವರ ಬಂಡವಾಳ ಸೇರಿಸಿ ಆಸ್ತಿ ಕೊಳ್ಳುವ ಸಂಸ್ಥೆ) ಮೂಲಕವೂ ಬರುತ್ತದೆ. ಅಮೆರಿಕನ್ ಟವರ್ ಕಂಪನಿ ಭಾರತದ ತನ್ನ ವ್ಯವಹಾರವನ್ನು 2024ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಬ್ರೂಕ್‌ಫೀಲ್ಡ್ ಕಂಪನಿಯ ಹಿಡಿತದಲ್ಲಿದ್ದ ಟ್ರಸ್ಟ್‌ಗೆ ಮಾರಿದ್ದು ಹಾಗೇ. "ಕಾಕಾ, ನಮ್ಮ ಹೊಲದಾಗ ಪರದೇಶದವರಾ?" ಅಂತ ಅಣ್ಣನ ಮಗ ಗಾಬರಿಯಾಗಿದ್ದ. ಅದರಲ್ಲಿ ಕಳ್ಳತನ ಏನಿಲ್ಲ. 2021ರಿಂದ ಟೆಲಿಕಾಂನಲ್ಲಿ ನೂರಕ್ಕೆ ನೂರು ವಿದೇಶಿ ಬಂಡವಾಳಕ್ಕೆ ನೇರ ದಾರಿ ಇದೆ. ಚೀನಾ, ಪಾಕಿಸ್ತಾನದಂಥ ಗಡಿ ದೇಶದವರಾದರೆ ಮಾತ್ರ ಸರ್ಕಾರದ ಒಪ್ಪಿಗೆ ಮೊದಲು ಬೇಕು.

ವಿಳಾಸ ಸಿಕ್ಕ ಮೇಲೆ ಫೋನ್ ನೆಚ್ಚಿಕೊಳ್ಳಬೇಡಿ. ಸೈಟ್ ನಂಬರ್ ಬರೆದು, ಕರಾರು, ಉತಾರ (ಪಹಣಿ), ಪಾಸ್‌ಬುಕ್ ಜೆರಾಕ್ಸ್ ಇಟ್ಟು ಸ್ಪೀಡ್ ಪೋಸ್ಟ್ ಮಾಡಿ. ಕರಾರು ಯಾರ ಹೆಸರಿಗೆ ವರ್ಗವಾಗಿದೆ ಅಂತ ಬರಹದಲ್ಲೇ ಕೇಳಿ. ನನಗೆ ಬಾಕಿ ಬಂದದ್ದು ಹೀಗೇ, ಅದೂ ಎರಡನೇ ಪತ್ರಕ್ಕೆ.

ಈ ಗೊಂದಲದ ಹೊತ್ತಲ್ಲೇ ಮೋಸಗಾರರ ಫೋನೂ ಬರುತ್ತದೆ, ಹುಷಾರು. "ಹೊಸ ಟವರ್ ಹಾಕ್ತೀವಿ, ಟ್ರಾಯ್ ಪರವಾನಗಿಗೆ ಮೊದಲು ದುಡ್ಡು ಕಟ್ಟಿ" ಅಂದರೆ ಸುಮ್ನೆ ಫೋನ್ ಇಟ್ಟುಬಿಡಿ. ಟ್ರಾಯ್ ಅಂದರೆ ಸರ್ಕಾರದ ಟೆಲಿಕಾಂ ನಿಯಂತ್ರಣ ಸಂಸ್ಥೆ, ಟವರ್‌ಗೆ ಜಾಗ ಕೊಡುವವರಿಂದ ಅದು ಒಂದು ಪೈಸೆಯನ್ನೂ ಕೇಳುವುದಿಲ್ಲ.